ಚೀಟಿಯಿಲ್ಲದೆ ಹೋಗುವ ಟ್ಯೂಬು

ಕರ್ನಾಟಕದ ಊರೂರಿನ ಮೆಡಿಕಲ್ ಶಾಪುಗಳ ಮಾಲೀಕರಿಗೆ, ಫಾರ್ಮಾಸಿಸ್ಟರಿಗೆ ಮತ್ತು ಕೌಂಟರಿನಲ್ಲಿ ನಿಂತು ಔಷಧ ಎತ್ತಿಕೊಡುವ ಎಲ್ಲರಿಗೆ ಬಹಿರಂಗ ಪತ್ರ

ಚರ್ಮಕ್ಕೆ ಹಚ್ಚಿದ ಔಷಧ ಚರ್ಮದ ಮೇಲೆಯೇ ಉಳಿಯುವುದಿಲ್ಲ. ಉಳಿದರೆ ಅದು ಕೆಲಸವನ್ನೇ ಮಾಡಲಾರದು. ಚರ್ಮದ ತೀರ ಹೊರಗಿನ ಪೊರೆ ಸತ್ತು ಒಣಗಿದ ಕೋಶಗಳದ್ದು. ಕೋಶಗಳು ಇಟ್ಟಿಗೆಯಂತೆ, ಅವುಗಳ ನಡುವಿನ ಕೊಬ್ಬಿನಂಶ ಗಾರೆಯಂತೆ. ಮೈಯ ಬಹುಭಾಗದಲ್ಲಿ ಈ ಗೋಡೆಯ ದಪ್ಪ ಮಿಲಿಮೀಟರಿನ ನೂರನೇ ಒಂದೆರಡು ಪಾಲು ಮಾತ್ರ. ಔಷಧ ಇದನ್ನು ದಾಟಿ ಕೆಳಗಿನ ಜೀವಂತ ಪದರಕ್ಕೆ ಇಳಿಯಬೇಕು. ಅಲ್ಲಿಂದ ಒಂದಷ್ಟು ರಕ್ತಕ್ಕೂ ಸೇರುತ್ತದೆ. ಆದರೂ "ಮೇಲೆ ಹಚ್ಚೋದು ತಾನೇ, ಏನಾಗುತ್ತೆ" ಎಂಬ ಮಾತು ಕೌಂಟರಿನ ಎರಡೂ ಬದಿಯಲ್ಲಿ ಕೇಳಿಬರುತ್ತದೆ. ಚೀಟಿಯಿಲ್ಲದೆ ಮಾತ್ರೆ ಕೇಳಲು ಅಳುಕುವ ಗಿರಾಕಿ ಟ್ಯೂಬನ್ನು ಸೋಪು ಕೇಳಿದಷ್ಟೇ ಸಲೀಸಾಗಿ ಕೇಳುತ್ತಾನೆ. ಮಾತ್ರೆಗೆ ಚೀಟಿ ಎಲ್ಲಿ ಎನ್ನುವ ಅಂಗಡಿಯೂ ಟ್ಯೂಬನ್ನು ಹಾಗೆಯೇ ಎತ್ತಿಕೊಡುತ್ತದೆ.

ಗೋಡೆ ಮೈತುಂಬ ಒಂದೇ ಸಮನಾಗಿಲ್ಲ. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಇಬ್ಬರು ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಮೈಯ ಬೇರೆ ಬೇರೆ ಜಾಗಗಳಿಗೆ ಹಚ್ಚಿ, ಎಲ್ಲಿಂದ ಎಷ್ಟು ಒಳಹೋಗುತ್ತದೆಂದು ಮೂತ್ರದ ಮೂಲಕ ಅಳೆದರು. ಮುಂಗೈಯ ಒಳಬದಿಯಲ್ಲಿ ಒಳಹೋದದ್ದನ್ನು ಒಂದು ಪಾಲು ಎಂದು ಹಿಡಿದರೆ ಅಂಗಾಲಿನಲ್ಲಿ ಹೋದದ್ದು ಅದರ ಏಳನೇ ಒಂದು ಭಾಗ. ನೆತ್ತಿಯಲ್ಲಿ ಮೂರೂವರೆ ಪಟ್ಟು, ಹಣೆಯಲ್ಲಿ ಆರು ಪಟ್ಟು, ದವಡೆಯ ಮೂಲೆಯಲ್ಲಿ 13 ಪಟ್ಟು, ವೃಷಣದ ಚರ್ಮದಲ್ಲಿ 42 ಪಟ್ಟು. ಅಂದರೆ ಅಪ್ಪನ ಅಂಗಾಲಿನ ಬಿರುಕಿಗೆಂದು ತಂದ ಟ್ಯೂಬನ್ನು ಮಗಳು ಮುಖಕ್ಕೆ ಹಚ್ಚಿಕೊಂಡರೆ ಅವಳಿಗೆ ಸೇರುವ ಔಷಧ ಹಲವಾರು ಪಟ್ಟು ಹೆಚ್ಚು. ಮನೆಯ ಕಪಾಟಿನಲ್ಲಿ ಉಳಿದ ಅರ್ಧ ಟ್ಯೂಬು ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುವುದು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯ. ಕೊಟ್ಟವರಿಗೂ ಹಚ್ಚಿಕೊಂಡವರಿಗೂ ಈ ಲೆಕ್ಕ ಗೊತ್ತಿರುವುದಿಲ್ಲ.

ಒಳಹೋಗುವ ಪ್ರಮಾಣವನ್ನು ಹೆಚ್ಚಿಸುವ ಇನ್ನೂ ಕೆಲವು ಸಂಗತಿಗಳಿವೆ: ಬೆವರಿನಲ್ಲಿ ನೆನೆದ ಕಂಕುಳು ಮತ್ತು ತೊಡೆಸಂದಿ, ಕೆರೆದು ಕಿತ್ತುಹೋದ ಚರ್ಮ, ಔಷಧದ ಮೇಲೆ ಸುತ್ತಿದ ಪ್ಲಾಸ್ಟಿಕ್ ಅಥವಾ ಬಿಗಿ ಬ್ಯಾಂಡೇಜು. ಎಳೆಗೂಸಿನ ಡಯಾಪರು ಕೂಡ ಪ್ಲಾಸ್ಟಿಕ್ ಹೊದಿಕೆಯೇ. ತೂಕಕ್ಕೆ ಹೋಲಿಸಿದರೆ ಹಸುಗೂಸಿನ ಚರ್ಮದ ಹರವು ದೊಡ್ಡವರದಕ್ಕಿಂತ ಎರಡು–ಮೂರು ಪಟ್ಟು ಹೆಚ್ಚು. ಡಯಾಪರಿನ ಕೆಂಪಿಗೆ ತಿಂಗಳುಗಟ್ಟಲೆ ಕ್ಲೊಬೆಟಾಸಾಲ್ ಎಂಬ ಜೋರಾದ ಸ್ಟೀರಾಯ್ಡ್ ಹಚ್ಚಿಸಿಕೊಂಡ ಕೂಸುಗಳ ಮುಖ ದುಂಡಗೆ ಊದಿಕೊಂಡು, ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ದಾಖಲಾಗಿವೆ.

ಔಷಧ ಒಂದೇ ಆದರೂ ಅದನ್ನು ಯಾವುದರಲ್ಲಿ ಬೆರೆಸಿದ್ದಾರೆ ಎಂಬುದು ಕೂಡ ಲೆಕ್ಕಕ್ಕೆ ಬರುತ್ತದೆ. ಆಯಿಂಟ್‌ಮೆಂಟ್ ಜಿಡ್ಡಿನದು. ಚರ್ಮದ ಮೇಲೆ ಪೊರೆಯಾಗಿ ನಿಂತು ಔಷಧವನ್ನು ಒಳಕ್ಕೆ ತಳ್ಳುತ್ತದೆ. ಒಣಗಿ ದಪ್ಪಗಟ್ಟಿದ ಜಾಗಕ್ಕೆ ಒಳ್ಳೆಯದು. ಕ್ರೀಮಿನಲ್ಲಿ ನೀರಿನಂಶವಿದೆ, ರಸ ಒಸರುವ ಮತ್ತು ಬೆವರುವ ಜಾಗಕ್ಕೆ ಅದೇ ಸರಿ. ಕೂದಲಿನ ನಡುವೆ ಲೋಷನ್ ಅಥವಾ ಜೆಲ್. "ಕ್ರೀಮು ಸ್ಟಾಕಿಲ್ಲ, ಆಯಿಂಟ್‌ಮೆಂಟ್ ಇದೆ, ಎರಡೂ ಒಂದೇ" ಎನ್ನುವ ಮಾತು ಆದ್ದರಿಂದ ಸರಿಯಲ್ಲ. ಅದೇ ಔಷಧ ಆಯಿಂಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಒಂದು ಕೈ ಜೋರಾಗಿಯೇ ಇರುತ್ತದೆ.

ಚರ್ಮದ ಔಷಧಗಳಲ್ಲಿ ಅತಿ ಹೆಚ್ಚು ಉಪಕಾರ ಮಾಡಿದ್ದೂ ಅತಿ ಹೆಚ್ಚು ದುರುಪಯೋಗವಾದದ್ದೂ ಸ್ಟೀರಾಯ್ಡ್. ಇದರ ಮೂಲವಾದ ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳನ್ನು ಕಂಡುಹಿಡಿದು ಬೇರ್ಪಡಿಸಿದ ಕೆಲಸಕ್ಕೆ ಹೆಂಚ್, ಕೆಂಡಾಲ್ ಮತ್ತು ರೈಖ್‌ಸ್ಟೈನ್ 1950ರಲ್ಲಿ ನೊಬೆಲ್ ಪಡೆದರು. ಮೊದಲು ಬಂದ ಕಾರ್ಟಿಸೋನ್ ಚರ್ಮಕ್ಕೆ ಹಚ್ಚಿದರೆ ಕೆಲಸ ಮಾಡಲಿಲ್ಲ. 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟನ್ ಹೈಡ್ರೋಕಾರ್ಟಿಸೋನನ್ನು ಇಸುಬಿನ ಮೇಲೆ ಹಚ್ಚಿ ಫಲ ಕಂಡರು. ಟಾರು, ಸತುವಿನ ಪೇಸ್ಟು, ನೇರಳೆ ಬಣ್ಣದ ದ್ರಾವಣ ಇಷ್ಟರಲ್ಲೇ ಕಾಲ ತಳ್ಳುತ್ತಿದ್ದ ಚರ್ಮವೈದ್ಯಕ್ಕೆ ಅದೊಂದು ಹೊಸ ಬಾಗಿಲು. ಆಮೇಲೆ ಕಂಪನಿಗಳು ಅಣುವನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಇನ್ನೂ ಜೋರಾದವನ್ನು ಹುಟ್ಟಿಸುತ್ತ ಹೋದವು.

ಇವತ್ತು ಆ ಏಣಿಯ ತೀರ ಕೆಳಗಿನ ಮೆಟ್ಟಿಲಿನಲ್ಲಿ ಹೈಡ್ರೋಕಾರ್ಟಿಸೋನ್ ಇದೆ. ಅದರ ಸಮೀಪದಲ್ಲಿ ಡೆಸೊನೈಡ್. ನಡುವಿನಲ್ಲಿ ಮೊಮೆಟಾಸೋನ್, ಫ್ಲುಟಿಕಾಸೋನ್, ಬೀಟಾಮೆಥಾಸೋನ್ ವ್ಯಾಲರೇಟ್. ತುತ್ತತುದಿಯಲ್ಲಿ ಕ್ಲೊಬೆಟಾಸಾಲ್ ಮತ್ತು ಹ್ಯಾಲೊಬೆಟಾಸಾಲ್. ಅಮೆರಿಕದವರು ಇದನ್ನು ಏಳು ದರ್ಜೆಗಳಾಗಿ ಹಂಚುತ್ತಾರೆ. ಕೌಂಟರಿನಲ್ಲಿ ಸುಲಭವಾಗಿ ಬೀಳುವ ಹಳ್ಳ ಇಲ್ಲಿದೆ: ಟ್ಯೂಬಿನ ಮೇಲಿನ ಶೇಕಡಾ ಅಂಕಿ ಜೋರನ್ನು ಹೇಳುವುದಿಲ್ಲ. ಹೈಡ್ರೋಕಾರ್ಟಿಸೋನ್ ಶೇ. 1, ಕ್ಲೊಬೆಟಾಸಾಲ್ ಶೇ. 0.05. ಅಂಕಿ ನೋಡಿದರೆ ಎರಡನೆಯದು ಇಪ್ಪತ್ತನೇ ಒಂದು ಪಾಲು. ಜೋರು ನೋಡಿದರೆ ನೂರಾರು ಪಟ್ಟು. "ಕಮ್ಮಿ ಪರ್ಸೆಂಟಿನದು ಕೊಡಿ" ಎಂದು ಕೇಳಿದ ತಾಯಿಗೆ ಕ್ಲೊಬೆಟಾಸಾಲ್ ಕೊಟ್ಟರೆ ಮಾತು ನಡೆಸಿದಂತಾಗುತ್ತದೆ, ಮಗುವಿಗೆ ಮಾತ್ರ ಏಣಿಯ ತುದಿಯ ಔಷಧ ಸಿಕ್ಕಿರುತ್ತದೆ. ಅಮೆರಿಕದಲ್ಲಿ ಈ ಔಷಧದ ಜೊತೆ ಕೊಡುವ ಸೂಚನೆಯೇ ದೊಡ್ಡವರಿಗೂ ಸತತ ಎರಡು ವಾರಕ್ಕಿಂತ ಹೆಚ್ಚು ಬೇಡ, ವಾರಕ್ಕೆ 50 ಗ್ರಾಂ ಮೀರುವುದು ಬೇಡ ಎನ್ನುತ್ತದೆ.

ಸ್ಟೀರಾಯ್ಡ್ ಮಾಡುವ ಕೆಲಸ ಉರಿಯೂತವನ್ನು ಅದುಮುವುದು. ಹಿಗ್ಗಿದ ರಕ್ತನಾಳ ಕುಗ್ಗುತ್ತದೆ, ಕೆಂಪು ಮಾಸುತ್ತದೆ, ತುರಿಕೆ ನಿಲ್ಲುತ್ತದೆ. ಇಸುಬು, ಸೋರಿಯಾಸಿಸ್, ಕೆಲವು ಅಲರ್ಜಿಗಳಲ್ಲಿ ಉರಿಯೂತವೇ ರೋಗ. ಅಲ್ಲಿ ಇದು ನಿಜವಾದ ಚಿಕಿತ್ಸೆ. ಸೋಂಕಿನಲ್ಲಿ ಹಾಗಿಲ್ಲ. ಅಲ್ಲಿನ ಕೆಂಪೂ ತುರಿಕೆಯೂ ಮೈ ಸೋಂಕಿನ ಜೊತೆ ಹೊಡೆದಾಡುತ್ತಿರುವ ಗುರುತು. ಹೊಡೆದಾಟ ನಿಲ್ಲಿಸಿದರೆ ಸದ್ದು ಅಡಗುತ್ತದೆ, ಸೋಂಕು ಆರಾಮಾಗಿ ಬೆಳೆಯುತ್ತದೆ. ಎರಡೂ ಕಡೆ ಗಿರಾಕಿಗೆ ಎರಡೇ ದಿನದಲ್ಲಿ ಸಿಗುವ ಸುಖ ಮಾತ್ರ ಒಂದೇ ಥರ. ಅದಕ್ಕೇ ಅವನು ತಿರುಗಿ ಬಂದು ಅದೇ ಟ್ಯೂಬು ಕೇಳುತ್ತಾನೆ, ಅಂಗಡಿಯವರೂ ಔಷಧ ಒಳ್ಳೆಯದೇ ಇರಬೇಕು ಎಂದುಕೊಳ್ಳುತ್ತಾರೆ. ಕೌಂಟರಿಗೆ ಕಾಣುವುದು ಮೊದಲನೇ ವಾರ. ಚರ್ಮವೈದ್ಯರಿಗೆ ಕಾಣುವುದು ಆರನೇ ತಿಂಗಳು. ಈ ಪತ್ರದ ಬಹುಪಾಲು ಸಂಗತಿ ಆ ಎರಡರ ನಡುವಿನ ಅಂತರದ ಕುರಿತಾದದ್ದು.

ಹುಳುಕಡ್ಡಿಯನ್ನೇ ತೆಗೆದುಕೊಳ್ಳಬಹುದು. ಹೆಸರಿನಲ್ಲಿ ಹುಳುವಿದ್ದರೂ ಆ ರೋಗದಲ್ಲಿ ಯಾವ ಹುಳುವೂ ಇಲ್ಲ. ಗಜಕರ್ಣವೆಂದು ಕರೆದವರು ಕನಿಷ್ಠ ಅದರ ಆಕಾರವನ್ನಾದರೂ ನೋಡಿದ್ದರು. ಅದು ಚರ್ಮದ ಹೊರಪದರದ ಕೆರಟಿನ್ ತಿಂದು ಬದುಕುವ ಶಿಲೀಂಧ್ರ. ಸಾಮಾನ್ಯವಾಗಿ ಉಂಗುರದ ಹಾಗೆ ಅಂಚು ಕೆಂಪಾಗಿ ಎದ್ದು, ನಡುವೆ ತಿಳಿಯಾಗುತ್ತ ಹರಡುತ್ತದೆ. ಇದಕ್ಕೆಂದು ಅಂಗಡಿಯಲ್ಲಿ ಹೆಚ್ಚಾಗಿ ಕೈಗೆ ಬರುವುದು ಮೂರು–ನಾಲ್ಕು ಔಷಧ ಬೆರೆಸಿದ ಟ್ಯೂಬು: ಒಂದು ಶಿಲೀಂಧ್ರನಾಶಕ, ಒಂದೋ ಎರಡೋ ಆ್ಯಂಟಿಬಯಾಟಿಕ್, ಅವುಗಳ ಜೊತೆಗೆ ಕ್ಲೊಬೆಟಾಸಾಲ್ ಅಥವಾ ಬೆಕ್ಲೊಮೆಥಾಸೋನ್. ಕೆಲವದರಲ್ಲಿ ಆರ್ನಿಡಜೋಲ್ ಕೂಡ ಇರುತ್ತದೆ. ಅದು ಅಮೀಬಾ ಮತ್ತು ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ಮೇಲಿನ ಔಷಧ. ಗಜಕರ್ಣದ ಟ್ಯೂಬಿನಲ್ಲಿ ಅದಕ್ಕೇನು ಕೆಲಸ ಎಂಬುದನ್ನು ಬೆರೆಸಿದವರೇ ಹೇಳಬೇಕು. ಯಾವ ರೋಗ ಎಂದು ನೋಡುವ ಗೋಜಿಲ್ಲದೆ ಎಲ್ಲದಕ್ಕೂ ಒಂದೇ ಟ್ಯೂಬು ಕೊಡುವ ಅನುಕೂಲವಷ್ಟೇ ಈ ಬೆರಕೆಯ ಹಿಂದಿನ ತರ್ಕ.

ಹಚ್ಚಿದ ಎರಡನೇ ದಿನ ತುರಿಕೆ ನಿಲ್ಲುತ್ತದೆ. ವಾರದಲ್ಲಿ ಕೆಂಪು ಮಾಸಿದಾಗ ರೋಗಿ ಹಚ್ಚುವುದನ್ನು ಬಿಡುತ್ತಾನೆ. ಶಿಲೀಂಧ್ರ ಸತ್ತಿರುವುದಿಲ್ಲ. ಹತ್ತು ದಿನದಲ್ಲಿ ಮತ್ತೆ ತುರಿಕೆ, ಮತ್ತೆ ಟ್ಯೂಬು. ಹೀಗೆ ನಾಲ್ಕೈದು ಸುತ್ತು ಕಳೆಯುವಷ್ಟರಲ್ಲಿ ತೊಡೆಸಂದಿಯಲ್ಲಿದ್ದದ್ದು ಸೊಂಟಕ್ಕೆ, ಬೆನ್ನಿಗೆ, ಮುಖಕ್ಕೆ ಏರಿರುತ್ತದೆ. ಒಂದೇ ಟವೆಲು ಬಳಸುವ ಮನೆಯಲ್ಲಿ ಹೆಂಡತಿ ಮಕ್ಕಳಿಗೂ ತಗುಲಿರುತ್ತದೆ. ಉಂಗುರದ ಅಂಚು ಅಳಿಸಿಹೋಗಿ, ಉಂಗುರದೊಳಗೆ ಉಂಗುರ ಮೂಡಿ, ನೋಡಿದರೆ ಗುರುತು ಹಿಡಿಯಲಾಗದ ಹಾಗಾಗುತ್ತದೆ. 1968ರಲ್ಲಿ ಬ್ರಿಟನ್ನಿನ ಐವ್ ಮತ್ತು ಮಾರ್ಕ್ಸ್ ಇದಕ್ಕೆ ವೇಷ ಮರೆಸಿಕೊಂಡ ಹುಳುಕಡ್ಡಿ ಎಂಬ ಅರ್ಥದ ಹೆಸರಿಟ್ಟರು. ಆಗ ಅದು ಅಪರೂಪದ ಕುತೂಹಲ. ನಮ್ಮ ದೇಶದ ಚರ್ಮರೋಗ ಹೊರರೋಗಿ ವಿಭಾಗಗಳಲ್ಲಿ ಈಗ ಅದು ದಿನದ ಮಾತು.

ಇದರ ಜೊತೆಗೆ ಶಿಲೀಂಧ್ರವೇ ಬದಲಾಗಿದೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಭಾರತ ಮತ್ತು ನೇಪಾಳ ಮೂಲದ ರೋಗಿಗಳ ಚರ್ಮದಿಂದ ಬೇರ್ಪಡಿಸಿದ ಒಂದು ಬಗೆಗೆ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಸೇರಿಕೊಂಡಿದೆ. ಇದರ ಅನೇಕ ತಳಿಗಳಿಗೆ ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ನಾಟುವುದಿಲ್ಲ. ಆ ಔಷಧ ತಡೆಯಬೇಕಾದ ಕಿಣ್ವದಲ್ಲೇ ಅವು ಬದಲಾವಣೆ ಮಾಡಿಕೊಂಡಿವೆ. ನ್ಯೂಯಾರ್ಕಿನಲ್ಲಿ ಇಬ್ಬರು ಹೆಂಗಸರಲ್ಲಿ ಇದು ಕಂಡದ್ದು 2023ರಲ್ಲಿ ಅಲ್ಲಿ ಸುದ್ದಿಯಾಯಿತು. ಮೊದಲು ಎರಡು ವಾರದ ಮುಲಾಮಿಗೆ ಬಗ್ಗುತ್ತಿದ್ದ ಹುಳುಕಡ್ಡಿ ಈಗ ತಿಂಗಳುಗಟ್ಟಲೆ ಮಾತ್ರೆ ಕೇಳುತ್ತಿದೆ. ಇದಕ್ಕೆ ಸ್ಟೀರಾಯ್ಡ್ ಬೆರಕೆಯೊಂದೇ ಕಾರಣವೆಂದು ಹೇಳಿಬಿಡುವುದು ಅವಸರದ ಮಾತಾದೀತು. ಆದರೆ ಅರೆಬರೆ ಚಿಕಿತ್ಸೆ ಪಡೆದು ಚರ್ಮದಲ್ಲಿ ಉಳಿದುಕೊಂಡ ಶಿಲೀಂಧ್ರಕ್ಕೆ ಔಷಧದ ಜೊತೆ ಬಾಳುವುದನ್ನು ಕಲಿಯಲು ಅಂಥ ಚರ್ಮಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ ಎಂಬುದನ್ನು ಚರ್ಮವೈದ್ಯರು ಒಪ್ಪುತ್ತಾರೆ.

ಹುಳುಕಡ್ಡಿಗೆ ಕೊಡಬೇಕಾದದ್ದು ಶಿಲೀಂಧ್ರನಾಶಕ ಒಂದೇ ಇರುವ ಟ್ಯೂಬು: ಕ್ಲೊಟ್ರಿಮಜೋಲ್, ಲುಲಿಕೊನಜೋಲ್, ಕೀಟೊಕೊನಜೋಲ್, ಹೀಗೆ. ಕಲೆಯ ಅಂಚಿನಿಂದ ಒಂದೆರಡು ಬೆರಳಿನಗಲ ಆಚೆಗೂ ಹಚ್ಚಬೇಕು. ಶಿಲೀಂಧ್ರ ಕಣ್ಣಿಗೆ ಕಾಣುವ ಗೆರೆಗಿಂತ ಮುಂದೆ ಹೋಗಿರುತ್ತದೆ. ಕಲೆ ಮಾಯವಾದ ಮೇಲೂ ಒಂದೆರಡು ವಾರ ಮುಂದುವರಿಸಬೇಕು. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ. ಒಳಉಡುಪು, ಟವೆಲು ಬೇರೆ ಬೇರೆ, ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿದ್ದು. ದಿನವಿಡೀ ಬಿಗಿ ಜೀನ್ಸ್ ಹಾಕಿಕೊಂಡು ಬೆವರುವ ಹುಡುಗನಿಗೆ ಈ ಮಾತು ಹೇಳಲು ಹಿಡಿಯುವುದು ಅರ್ಧ ನಿಮಿಷ. ರೋಗ ಮೈಯ ಹಲವು ಕಡೆ ಹರಡಿದ್ದರೆ, ಮುಖ ತಲೆಗೆ ಬಂದಿದ್ದರೆ, ಈಗಾಗಲೇ ಬೆರಕೆ ಟ್ಯೂಬು ಹಚ್ಚಿ ಮುಗಿಸಿದ್ದರೆ ಮುಲಾಮಿನ ಕಾಲ ದಾಟಿದೆ, ವೈದ್ಯರೇ ನೋಡಬೇಕು.

ಎರಡನೆಯ ದುರುಪಯೋಗ ಮುಖದ್ದು. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಡೆಕ್ಸಾಮೆಥಾಸೋನ್ ಬೆರೆಸಿದ ಒಂದು ಸೂತ್ರವನ್ನು ಪ್ರಕಟಿಸಿದರು. ಕಪ್ಪು ಕಲೆಗಳಿಗೆ, ಮುಖ್ಯವಾಗಿ ಬಂಗಿಗೆ, ವೈದ್ಯರ ಕಣ್ಣೆದುರು ಕೆಲವು ವಾರ ಬಳಸಲೆಂದು ಹುಟ್ಟಿದ ಬೆರಕೆ ಅದು. ಅದರ ಮೊಮ್ಮಕ್ಕಳು, ಡೆಕ್ಸಾಮೆಥಾಸೋನ್ ಬದಲು ಮೊಮೆಟಾಸೋನ್ ಸೇರಿದವು, ಇಲ್ಲಿ ಬಿಳಿಯಾಗಲು ಹಚ್ಚುವ ದಿನಬಳಕೆಯ ಕ್ರೀಮುಗಳಾಗಿಬಿಟ್ಟವು. ಮದುವೆಗೆ ಮುಂಚೆ ಹುಡುಗಿಯರು ತಿಂಗಳುಗಟ್ಟಲೆ ಹಚ್ಚುವುದುಂಟು. ಮೊದಮೊದಲು ಮುಖ ನಿಜಕ್ಕೂ ಬೆಳ್ಳಗೆ ನುಣ್ಣಗೆ ಕಾಣುತ್ತದೆ. ನಂತರ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಹೊರಗೆ ಕಾಣತೊಡಗುತ್ತವೆ, ಒಂದೇ ಅಳತೆಯ ಮೊಡವೆಗಳು ಒಟ್ಟಿಗೆ ಏಳುತ್ತವೆ, ಗದ್ದ ಕೆನ್ನೆಯ ಮೇಲೆ ರೋಮ ಬೆಳೆಯುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ. ಬಿಟ್ಟರೆ ಎರಡು ಮೂರು ದಿನದಲ್ಲಿ ಮುಖವೆಲ್ಲ ಕೆಂಪಾಗಿ ಊದಿಕೊಳ್ಳುತ್ತದೆ. ಆ ಹೆದರಿಕೆಗೆ ಅವಳು ಮತ್ತೆ ಹಚ್ಚುತ್ತಾಳೆ. ಭಾರತದ ಚರ್ಮವೈದ್ಯರು ಇದಕ್ಕೆ 2008ರಿಂದಲೇ "ಸ್ಟೀರಾಯ್ಡ್‌ನಿಂದ ಹಾಳಾದ ಮುಖ" ಎಂಬ ಹೆಸರು ಬಳಸುತ್ತಿದ್ದಾರೆ.

ಅಂಕಿಅಂಶವೂ ಇದೆ. ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆಯೊಂದಿಗೆ ಬಂದ 2,926 ರೋಗಿಗಳನ್ನು ವಿಚಾರಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು, ಹಾಗೆ ಹಚ್ಚುತ್ತಿದ್ದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಅಡ್ಡಪರಿಣಾಮ ಆಗಿತ್ತು. ಶೇ. 29ರಷ್ಟು ಜನ ಬಳಸಿದ್ದು ಬಿಳಿಯಾಗಲು ಅಥವಾ ಸಾಮಾನ್ಯ ಕ್ರೀಮಿನಂತೆ, ಶೇ. 24ರಷ್ಟು ಜನ ಮೊಡವೆಗೆ. ಈ ಪತ್ರ ಓದುವವರಿಗೆ ಹೆಚ್ಚು ತಟ್ಟಬೇಕಾದ ಅಂಕಿ ಬೇರೆ: ಶೇ. 59ರಷ್ಟು ಜನಕ್ಕೆ ಅದನ್ನು ಸೂಚಿಸಿದವರು ವೈದ್ಯರಾಗಿರಲಿಲ್ಲ. ಉಳಿದವರಿಗೆ ವೈದ್ಯರೇ ಬರೆದಿದ್ದರು ಎಂಬುದನ್ನೂ ಮುಚ್ಚಿಡಬೇಕಿಲ್ಲ. ತಪ್ಪು ಕೌಂಟರಿನದೊಂದೇ ಅಲ್ಲ.

ಔಷಧದ ಕಂಪನಿಯದಲ್ಲದ, ಎಲ್ಲಿಂದಲೋ ಬಂದ ಫೇರ್‌ನೆಸ್ ಕ್ರೀಮಿನಲ್ಲಿ ಪಾದರಸ ಇರುವ ಅಪಾಯ ಬೇರೆಯೇ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದಿಂದ ಪ್ರೋಟೀನ್ ಸೋರುವ ಕಾಯಿಲೆಯೊಂದಿಗೆ ಬಂದ ಹಲವರ ಹಿಂದೆ ಇಂಥ ಕ್ರೀಮುಗಳು ಪತ್ತೆಯಾದವು. ತಯಾರಕರ ವಿಳಾಸವಿಲ್ಲದ ಡಬ್ಬಿಗಳನ್ನು ಅಂಗಡಿಯ ಷೋಕೇಸಿನಲ್ಲಿ ಇಡದಿರುವುದೇ ಕ್ಷೇಮ.

ಸ್ಟೀರಾಯ್ಡ್ ಮಾಡುವ ಹಾನಿಯಲ್ಲಿ ಎಲ್ಲವೂ ಮತ್ತೆ ಸರಿಹೋಗುವುದಿಲ್ಲ. ಚರ್ಮದ ತೆಳುಪು ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುತ್ತದೆ. ತೊಡೆಸಂದಿ, ಕಂಕುಳಲ್ಲಿ ಸೀಳಿದಂತೆ ಮೂಡುವ ನೇರಳೆ ಪಟ್ಟಿಗಳು ಬಣ್ಣ ಮಾಸಿಯಾವು, ಅಳಿಯುವುದಿಲ್ಲ. ಇಪ್ಪತ್ತು ವರ್ಷದ ಹುಡುಗ ಹುಳುಕಡ್ಡಿಗೆಂದು ಹಚ್ಚಿದ ಟ್ಯೂಬಿನ ಗುರುತನ್ನು ಅರವತ್ತರಲ್ಲೂ ಹೊತ್ತಿರುತ್ತಾನೆ. ಕಣ್ಣಿನ ರೆಪ್ಪೆಗೆ ದೀರ್ಘಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು.

ಕಾನೂನಿನ ಸ್ಥಿತಿ ಹೀಗಿದೆ. 1945ರ ಔಷಧ ನಿಯಮಗಳ ಷೆಡ್ಯೂಲ್ ಎಚ್ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿ. ಬಹುಕಾಲ ಅದರ ಅಡಿಟಿಪ್ಪಣಿಯೊಂದು ಹೊರಗೆ ಹಚ್ಚುವ ತಯಾರಿಕೆಗಳಿಗೆ ವಿನಾಯಿತಿ ಕೊಟ್ಟಿತ್ತು, ಟ್ಯೂಬುಗಳೆಲ್ಲ ಆ ಕಿಂಡಿಯಿಂದ ಹೊರಬಂದವು. ಚರ್ಮವೈದ್ಯರ ರಾಷ್ಟ್ರೀಯ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೀರಾಯ್ಡ್ ಮುಲಾಮುಗಳ ವಿನಾಯಿತಿಯನ್ನು ತೆಗೆಯಿತು. 2016ರಲ್ಲಿ ನಿಷೇಧಿಸಿದ 344 ಬೆರಕೆ ಔಷಧಗಳಲ್ಲೂ, ನ್ಯಾಯಾಲಯದ ಸುತ್ತು ಮುಗಿದು 2018ರ ಸೆಪ್ಟೆಂಬರಿನಲ್ಲಿ ಮತ್ತೆ ನಿಷೇಧಗೊಂಡ 328ರಲ್ಲೂ ಇಂಥ ಚರ್ಮದ ಕ್ರೀಮುಗಳಿದ್ದವು. ಒಂದು ಬೆರಕೆ ನಿಂತರೆ ಒಂದು ಔಷಧ ಬದಲಿಸಿ ಇನ್ನೊಂದು ಬರುತ್ತದೆ ಎಂಬುದು ಷೆಲ್ಫು ಜೋಡಿಸುವವರಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟೇ ಕೊಡಬೇಕು. ಗೋಡೆಯ ಮೇಲೆ ಸರ್ಟಿಫಿಕೇಟು ತೂಗುಹಾಕಿ ಫಾರ್ಮಾಸಿಸ್ಟು ಬೇರೆಲ್ಲೋ ಇರುವ ಅಂಗಡಿ ಈ ಕಲಮಿನ ಎದುರು ನಿಲ್ಲುವುದಿಲ್ಲ.

ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ತಿಳಿಯಲು ಬ್ರ್ಯಾಂಡಿನ ದಪ್ಪಕ್ಷರ ನೆರವಾಗದು. ಒಂದೇ ಮೂಲಹೆಸರಿನ ಹಿಂದೆ ಮುಂದೆ ಒಂದೊಂದು ಅಕ್ಷರ ಸೇರಿಸಿ ಬೇರೆ ಬೇರೆ ಬೆರಕೆ ಮಾರುವುದು ವಾಡಿಕೆ. ಕೆಳಗಿನ ಸಣ್ಣಕ್ಷರದ ಪಟ್ಟಿಯನ್ನೇ ನೋಡಬೇಕು. "ಸೋನ್" ಅಥವಾ "ಸೊಲೋನ್" ಎಂದು ಮುಗಿಯುವ ಹೆಸರು, "ಬೆಟಾಸಾಲ್" ಎಂಬ ತುಂಡು, "ಪ್ರೊಪಿಯೊನೇಟ್", "ವ್ಯಾಲರೇಟ್", "ಫ್ಯೂರೊಯೇಟ್" ಎಂಬ ಬಾಲ ಕಂಡರೆ ಬಹುಮಟ್ಟಿಗೆ ಅದು ಸ್ಟೀರಾಯ್ಡ್. ಟ್ರಯಾಮ್ಸಿನೊಲೋನ್, ಫ್ಲುಓಸಿನೊಲೋನ್ ಇದೇ ಮನೆಯವು.

ಸ್ಟೀರಾಯ್ಡ್ ಅಲ್ಲದ ಔಷಧಗಳ ಬಗ್ಗೆ ಇಷ್ಟೊಂದು ಹೇಳುವುದಿಲ್ಲ, ಆದರೂ ಕೆಲವು ಮಾತು ಅಗತ್ಯ. ಕಜ್ಜಿಯಲ್ಲಿ ನಿಜಕ್ಕೂ ನುಸಿ ಇದೆ. ಪರ್ಮೆಥ್ರಿನ್ ಶೇ. 5ರ ಕ್ರೀಮನ್ನು ತುರಿಸುವ ಜಾಗಕ್ಕೆ ಮಾತ್ರ ಸವರಿದರೆ ಪ್ರಯೋಜನವಿಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಉಗುರಿನಡಿ ಬಿಡದೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆದು, ಒಂದೆರಡು ವಾರದಲ್ಲಿ ಮತ್ತೊಮ್ಮೆ ಹಚ್ಚಬೇಕು. ಮನೆಮಂದಿಯೆಲ್ಲ ಒಂದೇ ರಾತ್ರಿ. ಒಬ್ಬರಿಗೆ ಒಂದು ಟ್ಯೂಬು ಕೊಟ್ಟು ಕಳಿಸಿದರೆ ನುಸಿ ಇನ್ನೊಬ್ಬರ ಮೈಯಲ್ಲಿ ಕಾದಿರುತ್ತದೆ. ನುಸಿ ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯಬಹುದೆಂದು ಹೇಳದಿದ್ದರೆ ಜನ ದಿನಾ ಹಚ್ಚತೊಡಗುತ್ತಾರೆ. ಮೊಡವೆಯ ಅಡಾಪಲೀನ್, ಟ್ರೆಟಿನಾಯಿನ್ ರಾತ್ರಿಯ ಔಷಧಗಳು, ಗರ್ಭಿಣಿಯರಿಗೆ ಬೇಡ. ಬೆಂಜಾಯಿಲ್ ಪೆರಾಕ್ಸೈಡ್ ದಿಂಬಿನ ಚೀಲದ ಬಣ್ಣ ತಿನ್ನುತ್ತದೆ, ಮುಂಚೆಯೇ ಹೇಳಿದರೆ ಜಗಳ ಉಳಿಯುತ್ತದೆ. ಕ್ಲಿಂಡಮೈಸಿನ್ ಜೆಲ್ಲೊಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿಯೊಮೈಸಿನ್ ಇರುವ ಗಾಯದ ಮುಲಾಮು ಕೆಲವರಿಗೆ ತಾನೇ ಅಲರ್ಜಿ ತಂದು, ವಾಸಿಯಾಗುತ್ತಿದ್ದ ಗಾಯದ ಸುತ್ತ ಹೊಸ ತುರಿಕೆ ಎಬ್ಬಿಸುತ್ತದೆ. ಗಿರಾಕಿ ಅದನ್ನು ಗಾಯ ಕೆಟ್ಟಿತೆಂದು ತಿಳಿದು ಇನ್ನಷ್ಟು ಹಚ್ಚುತ್ತಾನೆ. ಸ್ಯಾಲಿಸಿಲಿಕ್ ಆಮ್ಲವನ್ನು ಮಗುವಿನ ಮೈತುಂಬ ಸವರಬಾರದು, ಅದು ರಕ್ತಕ್ಕೆ ಸೇರಿ ನಂಜಾಗಬಲ್ಲದು. ಬಿಳಿ ಪ್ಯಾರಫಿನ್ ಮುಲಾಮು ಹಚ್ಚಿಕೊಳ್ಳುವವರ ಬಟ್ಟೆಗೆ ಅದರ ಜಿಡ್ಡು ಇಳಿದಿರುತ್ತದೆ. ಒಲೆ, ದೀಪ, ಬೀಡಿಯ ಕಿಡಿ ತಾಗಿದರೆ ಅಂಥ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ.

ಎಷ್ಟು ಹಚ್ಚಬೇಕು ಎಂಬ ಪ್ರಶ್ನೆಗೆ "ಸ್ವಲ್ಪ" ಎಂಬ ಉತ್ತರ ಯಾರಿಗೂ ನೆರವಾಗದು. 1991ರಲ್ಲಿ ಲಾಂಗ್ ಮತ್ತು ಫಿನ್ಲೆ ಒಂದು ಸುಲಭ ಅಳತೆ ಕೊಟ್ಟರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿದಂತೆ ಎರಡು ಅಂಗೈಯಗಲದ ಚರ್ಮಕ್ಕೆ ಅಷ್ಟು ಸಾಕು. ಮುಖ ಮತ್ತು ಕುತ್ತಿಗೆಗೆ ಎರಡೂವರೆ ಬೆರಳು, ಒಂದು ತೋಳಿಗೆ ಮೂರು, ಒಂದು ಕಾಲಿಗೆ ಆರು, ಎದೆ–ಹೊಟ್ಟೆಗೆ ಏಳು. ಈ ಲೆಕ್ಕ ಇನ್ನೊಂದು ಕಡೆಗೂ ಕೆಲಸ ಮಾಡುತ್ತದೆ: ಎರಡೂ ಕಾಲಿನ ಇಸುಬಿಗೆ ದಿನಕ್ಕೊಮ್ಮೆ ಹಚ್ಚುವವರಿಗೆ ಒಂದು ಸಲಕ್ಕೇ ಆರು ಗ್ರಾಂ ಬೇಕು, ಹತ್ತು ಗ್ರಾಮಿನ ಟ್ಯೂಬು ಎರಡು ದಿನಕ್ಕೂ ಬರುವುದಿಲ್ಲ.

ಕಡಿಮೆ ಹಚ್ಚುವುದೂ ತಪ್ಪೇ. ಸ್ಟೀರಾಯ್ಡ್ ಎಂಬ ಮಾತು ಕೇಳಿ ಹೆದರಿ, ವೈದ್ಯರು ಬರೆದುಕೊಟ್ಟ ಸೌಮ್ಯ ಮುಲಾಮನ್ನೂ ಬಿಟ್ಟು, ಇಸುಬಿನ ಮಗುವನ್ನು ರಾತ್ರಿಯೆಲ್ಲ ತುರಿಸಿಕೊಂಡು ಅಳಲು ಬಿಡುವ ಮನೆಗಳಿವೆ. ಚೀಟಿ ತಂದ ತಾಯಿಯ ಎದುರು "ಅಯ್ಯೋ, ಇದು ಸ್ಟೀರಾಯ್ಡ್ ಕಣಮ್ಮ, ಹುಷಾರು" ಎಂದು ಮುಖ ಗಂಟಿಕ್ಕಿದರೆ ಅವಳು ಹಚ್ಚುವುದಿಲ್ಲ. ಸರಿಯಾದ ರೋಗಕ್ಕೆ, ಸರಿಯಾದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಇದು ಸುರಕ್ಷಿತ ಔಷಧ. ಹಾಗೆಯೇ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿಕೊಂಡು ಬಂದವರಿಗೆ "ಇವತ್ತೇ ಬಿಡಿ" ಎನ್ನುವುದೂ ಸಾಲದು. ಬಿಟ್ಟಾಗ ಬರುವ ಉರಿಯನ್ನು ನಿಭಾಯಿಸಲು ವೈದ್ಯರು ಜೋರು ಇಳಿಸುತ್ತಲೋ, ಟ್ಯಾಕ್ರೊಲಿಮಸ್‌ನಂಥ ಸ್ಟೀರಾಯ್ಡೇತರ ಮುಲಾಮಿಗೆ ಬದಲಿಸಿಯೋ ದಾಟಿಸುತ್ತಾರೆ. ಟ್ಯಾಕ್ರೊಲಿಮಸ್ ಮೊದಲ ಕೆಲವು ದಿನ ಉರಿಸುತ್ತದೆ ಎಂದು ಕೌಂಟರಿನಲ್ಲೇ ಹೇಳಿದರೆ ರೋಗಿ ಅದನ್ನು ಎಸೆಯುವುದಿಲ್ಲ.

ಯಾವ ಟ್ಯೂಬನ್ನೂ ಕೊಡದೆ ಕಳಿಸಬೇಕಾದವರೂ ಇದ್ದಾರೆ. ಬೆಳ್ಳಗಾದ ಅಥವಾ ಕೆಂಪಗಾದ ಮಚ್ಚೆಯಲ್ಲಿ ಸ್ಪರ್ಶ ತಿಳಿಯುವುದಿಲ್ಲ ಎಂದರೆ ಅದು ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಚಿಕಿತ್ಸೆ ಪೂರಾ ಉಚಿತ, ತಡವಾದಷ್ಟೂ ನರಕ್ಕೆ ಹಾನಿ. ಮೈಯ ಒಂದೇ ಬದಿಯಲ್ಲಿ ಉರಿಯೊಡನೆ ಪಟ್ಟಿಯಂತೆ ಎದ್ದ ಗುಳ್ಳೆ ಸರ್ಪಸುತ್ತಿನದು, ಅದರ ಮಾತ್ರೆ ಮೂರು ದಿನದೊಳಗೆ ಶುರುವಾದರೆ ಒಳ್ಳೆಯದು. ಜ್ವರದೊಡನೆ ಮೈತುಂಬ ಗುಳ್ಳೆ, ಬಾಯಿ–ಕಣ್ಣಿನಲ್ಲೂ ಹುಣ್ಣು, ಹೊಸ ಮಾತ್ರೆ ನುಂಗಿದ ಮೇಲೆ ಸುಲಿಯುತ್ತಿರುವ ಚರ್ಮ, ಇವರು ಅದೇ ದಿನ ಆಸ್ಪತ್ರೆಯಲ್ಲಿರಬೇಕು.

ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಅಡ್ಡಮಾತು ಸುಳ್ಳಲ್ಲ. ಅದಕ್ಕೆಂದೇ ಈ ಪತ್ರ ಒಂದು ಅಂಗಡಿಗಲ್ಲ, ಬೀದಿಯ ಎಲ್ಲ ಅಂಗಡಿಗಳಿಗೆ. ಟ್ಯೂಬು ಕೇಳಿದವರಿಗೆ ಎಲ್ಲಿಗೆ, ಯಾರಿಗೆ, ಎಷ್ಟು ದಿನದಿಂದ, ಈವರೆಗೆ ಏನು ಹಚ್ಚಿದ್ದೀರಿ ಎಂಬ ನಾಲ್ಕು ಪ್ರಶ್ನೆ ಕೇಳಬಹುದು. ಚೀಟಿಯಿದ್ದು ಕೊಡುವಾಗ ಪೆಟ್ಟಿಗೆಯ ಮೇಲೆ ಪೆನ್ನಿನಲ್ಲಿ ಯಾವ ಜಾಗಕ್ಕೆ, ದಿನಕ್ಕೆ ಎಷ್ಟು ಸಲ, ಯಾವ ತಾರೀಖಿಗೆ ನಿಲ್ಲಿಸಬೇಕು ಎಂದು ಕನ್ನಡದಲ್ಲಿ ಬರೆದುಕೊಡಬೇಕೆಂದು ಕೋರಿಕೆ. ಪೆಟ್ಟಿಗೆಗಿಂತ ಹೆಚ್ಚು ದಿನ ಉಳಿಯುವುದು ಟ್ಯೂಬು. ಸಾಧ್ಯವಾದರೆ ತಾರೀಖನ್ನು ಅದರ ಮೇಲೂ ಬರೆಯಿರಿ.